ಮೆಲ್ಲಗೆ ಬೀಳುವ ಏಟು

ಕೇಶವ ನನಗೆ ಎಂದೂ ಜೋರಾಗಿ ಹೊಡೆಯುತ್ತಿರಲಿಲ್ಲ. ನನ್ನ ದುಃಖವೆಲ್ಲ ಅದೇ ಆಗಿತ್ತು.

ಪಾಕಿಸ್ತಾನದ ಜೊತೆ ಯುದ್ಧ ನಿಂತ ಮರುವರ್ಷ, ವಡೋದರಾದ ಫತೇಗಂಜಿನಲ್ಲಿ, ನಮ್ಮ ಬೀದಿಯ ವ್ಯಾಯಾಮಶಾಲೆಯವರು ಹೆಂಗಸರಿಗೂ ಲಾಠಿ ಕಲಿಸತೊಡಗಿದರು. "ಹೋಗಿ ಬರಲಿ. ಶಾಲೆ ಬಿಟ್ಟಲ್ಲಿಂದ ಹೋಟೆಲಿನ ಅಡುಗೆಮನೆ ಬಿಟ್ಟು ಎಂತ ಕಂಡಿದ್ದಾಳೆ ಅವಳು?" ಎಂದು ಅಪ್ಪ ನಮ್ಮ ಹೋಟೆಲಿನ ಗಲ್ಲಾದಿಂದಲೇ ಒಪ್ಪಿಗೆ ಕೊಟ್ಟರು.

ಬೇವಿನ ಎಲೆಗಳ ಸಂದಿಯಿಂದ ಸಂಜೆ ಬಿಸಿಲು ಅಖಾಡದ ಮಣ್ಣಿಗೆ ಇಳಿಯುವ ಹೊತ್ತಿಗೆ ಮಾಸ್ತರು ಕೂಗುತ್ತಿದ್ದರು: "ಚಾಲೋ, ಜೋಡಿ!" ನಾವು ನಮ್ಮ ಲಾಠಿಯ ತುದಿಯನ್ನು ಯಾರ ಲಾಠಿಗೆ ತಾಗಿಸುತ್ತೇವೋ ಅವರೇ ಅಂದಿನ ಜೊತೆಗಾರರು. ಬಾಯಿ ತೆರೆಯಬೇಕಾಗಿರಲಿಲ್ಲ. ನನ್ನಂಥವಳಿಗೆ ಹೇಳಿ ಮಾಡಿಸಿದ ಪದ್ಧತಿ.

ಕಲಿಸಲು ಬರುತ್ತಿದ್ದ ಹಳಬರಲ್ಲಿ ಕನ್ನಡದವನು ಕೇಶವ ಒಬ್ಬನೇ. ರಿಫೈನರಿಯಲ್ಲಿ ಕೆಲಸ, ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲೇ. ನಾನು ದಿನವೂ ಅವನ ಲಾಠಿಯನ್ನೇ ತಾಗಿಸುತ್ತಿದ್ದೆ.

ಅವನ ಲಾಠಿ ಗಾಳಿಯನ್ನು ಸೀಳುತ್ತ ಬಂದು, ನನ್ನ ತಲೆಯ ಮೇಲೆ ಒಂದು ಕ್ಷಣ ತಡೆದು, ಎಲೆ ಉದುರಿದ ಹಾಗೆ ನನ್ನ ಲಾಠಿಯ ಮೇಲೆ ಕೂರುತ್ತಿತ್ತು. ಆಗ ಅವನ ರೆಪ್ಪೆಯ ಮೇಲಿನ ಧೂಳೂ ನನಗೆ ಕಾಣುತ್ತಿತ್ತು. ನಾನು ನೋಡಿದರೆ ಅವನು ಮರ ನೋಡುತ್ತಿದ್ದ. ಅವನು ನೋಡಿದರೆ ನಾನು ಮಣ್ಣು ನೋಡುತ್ತಿದ್ದೆ.

"ಎಂತ ಮಾರಾಯ್ತಿ, ಅವರು ನಿನ್ನ ಲಾಠಿಗೆ ಹೊಡೆಯುದಾ, ಧೂಳು ಒರೆಸುದಾ?" ಪಕ್ಕದ ಮನೆಯ ಸುಲೋಚನಾ ಕೇಳಿದಳು. ನನಗೆ ಹೋಗಲಾಗದ ದಿನ ಅವಳಿಗೆ ಅವನು ಹೊಡೆದ ಏಟು ಬೀದಿಯ ತುದಿಗೂ ಕೇಳುತ್ತಿತ್ತು.

ದಸರೆಯ ಪ್ರದರ್ಶನ ಹತ್ತಿರ ಬಂದಾಗ ಮಾಸ್ತರು ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಅವರ ಒಂದೇ ಏಟಿಗೆ ನನ್ನ ಲಾಠಿ ಮಣ್ಣಿಗೆ ಬಿತ್ತು.

"ಗಿರಿಜಾಬೇನ್, ತಡೆಯೋದು ಕಚ್ಚಾ ಇದೆ," ಎಂದು ಹಿಂದಿಯಲ್ಲಿ ಹೇಳಿದರು. "ಭಾನುವಾರ ಮತ್ತೆ ನೋಡ್ತೇನೆ. ಆಗಲೂ ಬಿದ್ದರೆ ಪ್ರದರ್ಶನಕ್ಕೆ ಬೇಡ."

ಎಲ್ಲರೂ ನೋಡುತ್ತಿದ್ದರು. ಕೇಶವನೂ. ಮಾಸ್ತರು ಮತ್ತೆ ಜೋಡಿ ಕೂಗಿದಾಗ ನಾನು ಅವನನ್ನು ದಾಟಿ ಹೋಗಿ ಸುಲೋಚನಾಳ ಲಾಠಿ ತಾಗಿಸಿದೆ. ಮುಂದೆ ಚಾಚಿದ್ದ ಅವನ ಲಾಠಿ ಸ್ವಲ್ಪ ಹೊತ್ತು ಹಾಗೆಯೇ ಇತ್ತು.

ಮರುದಿನ ಬೆಳಿಗ್ಗೆ ಅವನು ಹೋಟೆಲಿಗೆ ಬಂದ. ನಾನು ಒಳಗೆ, ತಿಂಡಿ ಕೊಡುವ ಕಿಂಡಿಯ ಬಳಿ ಕೊತ್ತಂಬರಿ ಬಿಡಿಸುತ್ತಿದ್ದೆ. ಕೈತೊಳೆಯುವ ನೆಪದಲ್ಲಿ ಅವನು ಕಿಂಡಿಯ ಹತ್ತಿರ ನಿಂತ.

"ನನ್ನಿಂದ ಏನಾದ್ರೂ ತಪ್ಪು ಆಯ್ತಾ?"

"ಹೊಡೆದದ್ದೇ ಇಲ್ಲ ನೀವು."

"ಏನು?"

"ಸುಲೋಚನಾಗೆ ಹೊಡೀತೀರಿ. ನಾನೇನು ಗಾಜಿನ ಲೋಟವಾ?"

"ನಿಮ್ಮ ಬಳೆ... ಒಡೆದ್ರೆ ಅಂತ..."

"ಬಳೆ ತೆಗೆದಿಟ್ಟೇ ಬರುದಲ್ವಾ ನಾನು?"

ಅವನ ಕಿವಿ ಕೆಂಪಾಯಿತು. "ಬೇರೆಯವರ ಮೇಲೆ ಕೈ ಚಲ್ತಾ ಹೈ. ನಿಮ್ಮ ಮೇಲೆ ಬರಲ್ಲ. ನನ್ನ ಕನ್ನಡ ಇಷ್ಟೇ. ಸರಿಯಾಗಿ ಹೇಳೋಕೆ ಆಗ್ತಿಲ್ಲ."

ಅವನು ಸರಿಯಾಗಿಯೇ ಹೇಳಿದ್ದ. ನನ್ನ ಕೈಯ ಕೊತ್ತಂಬರಿಯ ಕಂಪೆಲ್ಲ ಎದೆಗೆ ಇಳಿದಂತಾಯಿತು. ಆದರೂ ಹೇಳಿದೆ: "ನೀವು ಹೀಗೇ ಮಾಡಿದ್ರೆ ಭಾನುವಾರ ನಾನು ಮನೆಗೆ ಹೋಗುದೇ. ಇವತ್ತು ಸಂಜೆ ಹೊಡೀರಿ."

ಸಂಜೆ ಅವನು ಹೊಡೆದ. ಮೊದಲ ಏಟಿಗೆ ಲಾಠಿ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು. ಅವನ ಮುಖದಲ್ಲಿ ನನಗಿಂತ ಹೆಚ್ಚು ನೋವಿತ್ತು. ಆದರೂ ಕೈ ತಡೆಯಲಿಲ್ಲ. ಕೊನೆಗೊಮ್ಮೆ ನನ್ನ ಕಾಲು ನೆಲ ಕಚ್ಚಿ ನಿಂತಿತು. ಲಾಠಿಗೆ ಲಾಠಿ ಬಡಿದ ಸದ್ದಿಗೆ ಬೇವಿನ ಮರದ ಗಿಳಿಗಳೆಲ್ಲ ಹಾರಿದವು. ಅವನ ಬಲವೆಲ್ಲ ನನ್ನ ಮೊಣಕೈವರೆಗೆ ಬಂದು ಅಲ್ಲೇ ನಿಂತಿತು.

"ನೋವಾಯ್ತಾ?"

"ಹೂಂ."

"ನಿಲ್ಲಿಸ್ಲಾ?"

"ಬೇಡ."

ಅವನು ನಕ್ಕ. ಹಾರಿದ ಗಿಳಿಗಳು ಒಂದೊಂದಾಗಿ ಮರಳುತ್ತಿದ್ದವು. ಲಾಠಿಗಳು ಇನ್ನೂ ಒಂದರ ಮೇಲೊಂದು ಇದ್ದವು. ತೆಗೆಯಲು ಇಬ್ಬರಿಗೂ ಮನಸ್ಸಿರಲಿಲ್ಲ.

"ಗಿರಿಜಾ," ಅವನು ಮೆಲ್ಲಗೆ ಕೇಳಿದ, "ಈ ಜೋಡಿ ದಸರಾವರೆಗೆ ಮಾತ್ರವಾ?"

ಈ ಸಲ ನಾನು ಮಣ್ಣು ನೋಡಲಿಲ್ಲ.

"ಊಟದ ಗಿರಾಕಿಗಳು ಹೋದ ಮೇಲೆ ಅಪ್ಪನಿಗೆ ಪುರುಸೊತ್ತು ಇರ್ತದೆ," ಎಂದೆ. "ನಿಮ್ಮ ಅಮ್ಮನನ್ನು ಕರ್ಕೊಂಡು ಬನ್ನಿ."