ಬಗ್ಗದ ಬೋರ್ಡು

"ನಿಮ್ಮ ತೂಕ ಎಷ್ಟು?"

ಅಂಪಾರೊ ಸರಕ್ಕನೆ ತಿರುಗಿದಳು. ತಾನು ಕೇಳಿಸಿಕೊಂಡದ್ದು ಸರಿಯೇ?

"ಏನಂದ್ರಿ?"

"ತೂಕ... ಹಾಗೇ ಬೂಟಿನ ಸೈಜೂ ಹೇಳಿದ್ರೆ ಒಳ್ಳೇದು."

ಎದ್ದು ಹೋಗೋಣವೆಂದರೆ ಜಾಗವಾದರೂ ಎಲ್ಲಿದೆ! ಗಾಳಿ ಜೋರಾಯಿತೆಂದು ಲೋಂಕಿಮಾಯ್ ಜ್ವಾಲಾಮುಖಿಯ ಹಿಮದ ಇಳಿಜಾರಿಗೆ ಜನರನ್ನು ಏರಿಸುವ ಲಿಫ್ಟನ್ನು ನಿಲ್ಲಿಸಿಬಿಟ್ಟಿದ್ದರು. ತಂತಿಗೆ ಜೋತುಬಿದ್ದ ಇಬ್ಬರ ಕುರ್ಚಿ. ಕಾಲ ಕೆಳಗೆ ಹಿಮ ಹೊತ್ತ ಅರೌಕೇರಿಯಾ ಮರಗಳ ತುದಿ. ಪಕ್ಕದಲ್ಲಿ ಹೆಸರೂ ಗೊತ್ತಿಲ್ಲದ ಈ ಗಂಡಸು!

"ಹುಡುಗೀರನ್ನ ಮಾತಾಡಿಸೋಕೆ ನಿಮ್ಮೂರಲ್ಲಿ ಹೀಗೇನಾ ಶುರು ಮಾಡೋದು?"

ಅವನು ನಿಜಕ್ಕೂ ಯೋಚಿಸಿದ. "ಇಲ್ಲ. ನಮ್ಮೂರಲ್ಲಿ ಮಾತೇ ಕಮ್ಮಿ."

ನಗು ಬಂದೇಬಿಡುವುದರಲ್ಲಿತ್ತು. ಅಂಪಾರೊ ತುಟಿ ಕಚ್ಚಿ ತಡೆದುಕೊಂಡಳು.

"ಮಕ್ಕಳಿಗೆ ಪಾಠ ಹೇಳಿ ಮುಗಿಸಿ ನೀವೊಬ್ರೇ ಇಳಿದು ಬಂದ್ರಲ್ಲ, ನೋಡ್ದೆ," ಎಂದ ಅವನು. "ನಿಮ್ಮ ಸ್ನೋಬೋರ್ಡ್ ತೀರಾ ಮೆತ್ತಗಿದೆ. ಸ್ವಲ್ಪ ವೇಗ ಸಿಕ್ತೋ, ನಡುಗೋಕೆ ಶುರು ಮಾಡುತ್ತೆ. ನಾನು ಬೋರ್ಡ್ ಮಾಡೋನು. ನಿಮಗೊಂದು ಮಾಡ್ಬೇಕು ಅನ್ನಿಸ್ತು. ತೂಕ ಗೊತ್ತಿಲ್ದೆ ಹೇಗೆ ಮಾಡಲಿ?"

"ಐವತ್ತೆಂಟು ಕೇಜಿ! ಬೂಟು ಮೂವತ್ತೇಳು! ಬಾಯಿ ತೆರೀಲಾ? ಹಲ್ಲೂ ಎಣಿಸಿಕೊಳ್ತೀರಾ, ಕುದುರೆ ವ್ಯಾಪಾರದ ಹಾಗೆ?"

ಅಷ್ಟರಲ್ಲಿ ಕುರ್ಚಿ ಗಕ್ಕೆಂದು ಮುಂದಕ್ಕೆ ಚಲಿಸಿತು. ಅಂಪಾರೊ ಜೋಲಿ ತಪ್ಪಿ ಅವನ ತೋಳು ಹಿಡಿದಳು. ಒಂದೇ ಕ್ಷಣ... ಕೂಡಲೇ ಬಿಟ್ಟಳು. ಇಳಿಯುವವರೆಗೂ ಅವಳ ಕಿವಿ ಬಿಸಿಯಾಗಿತ್ತು.

'ಚಳಿಗೆ ಇರಬೇಕು,' ಎಂದುಕೊಂಡಳು.

* * *

"ಅವನಾ? ಗಾಸ್ಪರ್ ಬಾರ್ರಿಯಾ ಕಣೇ," ಎಂದಳು ನೆಲ್ದಾ ಚಿಕ್ಕಮ್ಮ, ಕಾದ ಎಣ್ಣೆಗೆ ಪೂರಿಯಂಥ ಸೊಪೈಪಿಯಾ ಬಿಡುತ್ತಾ. ಲಿಫ್ಟಿನ ಬುಡದಲ್ಲಿರುವ ಅವಳ ಅಂಗಡಿಗೆ ಬಾರದ ಸುದ್ದಿಯಿಲ್ಲ. "ಚಿಲೊಯೆ ದ್ವೀಪದೋನು. ದೋಣಿ ಮಾಡೋ ಬಡಗಿಗಳ ಮನೆತನ. ಬೇಸಿಗೆಯಲ್ಲಿ ದೋಣಿ ಮಾಡ್ತಾನೆ, ಚಳಿಗಾಲದಲ್ಲಿ ಬೋರ್ಡ್ ಮಾಡ್ತಾನೆ. ಇಲ್ಲಿಗೆ ಈ ಸಲವೇ ಬಂದಿದ್ದು. ಒಳ್ಳೇ ಹುಡುಗ. ಮಾತು ಮಾತ್ರ ಮೊಳೆ ಹೊಡೆದ ಹಾಗೆ."

"ನನ್ನ ತೂಕ ಕೇಳ್ದ ಚಿಕ್ಕಮ್ಮಾ!"

"ಹೇಳ್ದೆಯಾ?"

"...ಹೇಳ್ದೆ."

ಚಿಕ್ಕಮ್ಮ ನಕ್ಕ ನಗೆಗೆ ಅಂಗಡಿಯ ತಗಡೇ ಅಲುಗಿತು.

ಅಂಪಾರೊಳಿಗೆ ಅಷ್ಟು ಸಲೀಸಾಗಿ ನಗಲಾಗಲಿಲ್ಲ. ಬೋರ್ಡ್ ನಡುಗುತ್ತದೆ ಎಂದು ಅವನು ಹೇಳಿದ ಮಾತು ಎದೆಗೆ ನಾಟಿತ್ತು. ಹೋದ ವರ್ಷ ಆಗಿದ್ದೂ ಅದೇ ಅಲ್ಲವೇ? ಬೆಟ್ಟದ ನೆತ್ತಿಯಿಂದ ಇಳಿಯುವ ಕಡಿದಾದ ಕೊರಕಲನ್ನು ಊರವರು 'ಹೊಗೆಗೂಡು' ಎನ್ನುತ್ತಾರೆ. ಇಲ್ಲಿ ಚಳಿಗಾಲ ಮುಗಿಯುತ್ತ ಬರುವುದು ಆಗಸ್ಟ್ ಕೊನೆಗೆ; ಪ್ರತಿ ವರ್ಷ ಆಗ ಊರಿನ ಸ್ಪರ್ಧೆ ಅಲ್ಲೇ. ಗಾಳಿಗೆ ಗಾಜಿನಂತೆ ಗಟ್ಟಿಯಾದ ಹಿಮದ ಮೇಲೆ ಅವಳ ಬೋರ್ಡ್ ಪಟಪಟ ಒದರಿ ಕಾಲ ಕೆಳಗಿಂದ ಜಾರಿಹೋಗಿತ್ತು. ಕೊರಳೆಲುಬು ಮುರಿದಿತ್ತು.

ಎಲುಬು ಕೂಡಿತು. ಅವಳು ಮಾತ್ರ ಆಮೇಲೆ ಮಕ್ಕಳಿಗೆ ಕಲಿಸುವ ಇಳಿಜಾರು ಬಿಟ್ಟು ದೂರ ಹೋಗಲಿಲ್ಲ. ಈ ಸಲ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು, ನಿಜ. ಇಳಿಯುತ್ತೇನೆಂಬ ಧೈರ್ಯ ಮಾತ್ರ ಇರಲಿಲ್ಲ.

* * *

ಎರಡು ವಾರ ಕಳೆದು ಗಾಸ್ಪರ್ ಬಂದ, ಹೆಗಲ ಮೇಲೆ ಹೊಸ ಬೋರ್ಡ್ ಹೊತ್ತು.

ಎಂಥ ಚೆಲುವು! ಲೆಂಗಾ ಮರದ ಕೆಂಪು ನಾರು ಮೇಲೆಯೇ ಕಾಣುತ್ತಿತ್ತು. ಮುಂದೆ ಉದ್ದನೆಯ ಅಗಲ ಮೂತಿ, ಹಿಂದೆ ಮೋಟು ಬಾಲ. ಕಾಲು ಬಿಗಿಯುವ ಪಟ್ಟಿಗಳು ನಡುವಿಗಿಂತ ತುಸು ಹಿಂದಕ್ಕೆ. ಅಂಪಾರೊ ಮಂಡಿಗೆ ಆನಿಸಿ ಬಗ್ಗಿಸಲು ನೋಡಿದಳು. ಕಬ್ಬಿಣದ ಹಾಗೆ, ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

"ಗಡಸು ಬಹಳ..."

"ಹೌದು," ಎಂದ ಅವನು. ಇನ್ನೇನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಹೊರಟುಹೋದ.

ಅವಳು ಅದನ್ನು ಹಾಕಿಕೊಂಡು ಸೀದಾ ಪಾಠಕ್ಕೆ ಹೋದಳು. ಅದೇ ತಪ್ಪಾಯಿತು.

ಮಕ್ಕಳಿಗೆ ಮುಖ ಕೊಟ್ಟು ಹಿಮ್ಮುಖವಾಗಿ ಜಾರುವುದು ಅವಳ ಅಭ್ಯಾಸ. ಈ ಬೋರ್ಡ್ ಹಿಮ್ಮುಖ ಹೋಗುವ ಜಾತಿಯದೇ ಅಲ್ಲ! ಮೋಟು ಬಾಲ ಹಿಮಕ್ಕೆ ಚುಚ್ಚಿಕೊಂಡಿತು, ಅವಳು ಧೊಪ್ಪೆಂದು ಕೂತಳು. ಎದ್ದು ನಿಧಾನವಾಗಿ ತಿರುಗಿಸಲು ನೋಡಿದಳು. ತಿರುಗದು. ಒತ್ತಿದಳು. ಅಂಚು ಕಚ್ಚಿಕೊಂಡು ಮತ್ತೆ ಬಿದ್ದಳು. ತೊಡೆ ಉರಿಯತೊಡಗಿತು.

"ಟೀಚರ್, ನಿಮಗೂ ಬರಲ್ವಾ?" ಎಂದು ಮಕ್ಕಳು ಕೇಕೆ ಹಾಕಿದವು.

ಬೇಲಿಯಾಚೆ ಗಾಸ್ಪರ್ ನಿಂತಿದ್ದ. ಎಲ್ಲ ನೋಡಿದ್ದ.

"ಇದೇನು ಬೋರ್ಡಾ, ಬಾಗಿಲಾ?" ಎಂದು ಅಂಪಾರೊ ಸಿಡಿದಳು. "ಯಾವುದೋ ದಾಂಡಿಗನಿಗೆ ಮಾಡಿದ್ದು, ಅವನು ಬೇಡ ಅಂದ. ನನ್ನ ತಲೆಗೆ ಕಟ್ಟಿದ್ರಿ, ಅಲ್ವಾ?"

"ಬೋರ್ಡಿನ ತಪ್ಪಲ್ಲ," ಎಂದ ಅವನು. "ನೀವು ಹೆದರಿಕೊಂಡು ಓಡಿಸ್ತಿದ್ದೀರಿ."

ಅಲ್ಲಿಗೆ ಮುಗಿಯಿತು!

ಅಂಪಾರೊಳ ಮುಖ ಬಿಳಿಚಿತು. ಇಡೀ ಊರು ಅವಳ ಮುಂದೆ ಆಡದ ಮಾತನ್ನು, ನಿನ್ನೆ ಮೊನ್ನೆ ಬಂದ ಇವನು ಮಕ್ಕಳೆದುರು ಆಡಿಬಿಟ್ಟನಲ್ಲ... ಅಂದೇ ಸಂಜೆ ಬೋರ್ಡನ್ನು ಅವನ ಶೆಡ್ಡಿನ ಬಾಗಿಲಿಗೆ ಒರಗಿಸಿ, ಕದ ತಟ್ಟದೆ ವಾಪಸು ಬಂದಳು.

'ಹೇಡಿ ಅಂದ ನನ್ನ. ಅಷ್ಟೇ ತಾನೇ ಅವನಿಗೆ ಕಂಡಿದ್ದು?'

ದಾರಿಯುದ್ದಕ್ಕೂ ಕಣ್ಣು ತುಂಬಿ ತುಂಬಿ ಬಂತು.

* * *

ಸ್ಪರ್ಧೆಗೆ ಮೂರು ದಿನ ಉಳಿದಿತ್ತು. ಅಂಪಾರೊ ಚಿಕ್ಕಮ್ಮನ ಅಂಗಡಿಯಲ್ಲಿ ಕೂತು ಬೇಯಿಸಿದ ಪಿಞೋನ್, ಅರೌಕೇರಿಯಾ ಮರದ ಬೀಜ, ಸುಲಿಯುತ್ತಿದ್ದಳು. ಗಾಸ್ಪರ್ ಒಳಗೆ ಬಂದ. ಕೈಯಲ್ಲಿ ಇನ್ನೊಂದು ಬೋರ್ಡ್!

"ಇದು ಮೆತ್ತಗಿದೆ," ಎಂದ, ಅವಳ ಮುಖ ನೋಡದೆ. "ಎರಡು ಕಡೆಗೂ ಓಡುತ್ತೆ. ನಿಧಾನಕ್ಕೂ ತಿರುಗುತ್ತೆ. ನಿಮ್ಮನ್ನ ನೋಯಿಸ್ಬೇಕು ಅಂತ ಇರಲಿಲ್ಲ... ಅದು ಬೇಡ ಅಂದ್ರೆ ಇದು ಇರಲಿ."

ಅವನ ಬೆರಳುಗಳ ತುಂಬ ಅಂಟು, ಗೀರು. ಕಣ್ಣು ಕೆಂಪು. ಹಗಲೂ ರಾತ್ರಿ ಕೂತು ಮಾಡಿದ್ದೆಂದು ಯಾರೂ ಹೇಳಬೇಕಿರಲಿಲ್ಲ.

ಅಂಪಾರೊ ಬೋರ್ಡ್ ಕೈಗೆತ್ತಿಕೊಂಡು ಬಗ್ಗಿಸಿದಳು. ಸುಲಭವಾಗಿ ಬಗ್ಗಿತು. ಅವಳಿಗೆ ಬೇಕಾಗಿದ್ದು ಇದೇ ಅಲ್ಲವೇ? ಹಾಗಿದ್ದರೆ ಯಾಕೆ ಈ ಸಂಕಟ?

"ಹೊಗೆಗೂಡಿನಲ್ಲಿ ಇದು ನಿಲ್ಲುತ್ತಾ?"

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಇಲ್ಲ."

"ಅದು?"

"ನಿಲ್ಲುತ್ತೆ. ಅದನ್ನ ಮಾಡಿದ್ದೇ ಹೊಗೆಗೂಡಿಗೆ. ನಿಧಾನಕ್ಕೆ ಹೋದ್ರೆ ಅದು ಮೊಂಡು. ವೇಗ ಕೊಟ್ರೆ ತಾನೇ ದಾರಿ ಹಿಡಿಯುತ್ತೆ, ಅಲುಗಲ್ಲ. ಅವತ್ತು ಅಷ್ಟು ಹೇಳಿದ್ರೆ ಸಾಕಿತ್ತು. ಬೇರೇನೋ ಹೇಳ್ದೆ." ತಲೆ ತಗ್ಗಿಸಿದ. "ನೀವು ಹೇಡಿ ಅಂತ ಅಲ್ಲ. ಹೆದರಿಕೆ ಇದ್ರೂ ಹೆಸರು ಕೊಟ್ಟಿದ್ದೀರಲ್ಲ... ಅಂಥವರಿಗೆ ಅಂತಲೇ ಮಾಡಿದ್ದು. ಬೇರೆ ಯಾರಿಗೂ ಅಲ್ಲ."

ಅಂಪಾರೊ ಅವನ ಗೀರುಬಿದ್ದ ಬೆರಳುಗಳನ್ನೇ ನೋಡಿದಳು. ತನ್ನ ಮೇಲೆ ತನಗೇ ಇಲ್ಲದ ನಂಬಿಕೆಯನ್ನು ಇವನು ಮರದಲ್ಲಿ ಕೂಡಿಸಿ ತಂದುಕೊಟ್ಟಿದ್ದ. ತಾನು ಅದನ್ನು ಬಾಗಿಲಿಗೆ ಒರಗಿಸಿ ಬಂದಿದ್ದಳು!

"ಇದು ಪಾಠಕ್ಕೆ ಇರಲಿ," ಎಂದು ಮೆತ್ತನೆಯದನ್ನು ಪಕ್ಕಕ್ಕಿಟ್ಟಳು. "ಅದನ್ನ ವಾಪಸ್ ಕೊಡಿ. ಹೇಗೆ ಓಡಿಸೋದು ಅಂತ ಹೇಳಿಕೊಡಿ."

"ಹೋಗೋ, ಬೇಗ ತಾರೋ!" ಎಂದು ಒಲೆಯ ಹಿಂದಿನಿಂದ ಚಿಕ್ಕಮ್ಮ ಕೂಗಿದಳು. "ಅವಳ ಮನಸ್ಸು ಬದಲಾಗೋದ್ರೊಳಗೆ!"

* * *

ಸ್ಪರ್ಧೆಗೆ ಮುಂಚಿನ ಎರಡು ದಿನ ಅವರು ಲಿಫ್ಟಿಗೂ ಮೇಲೆ ಬೋರ್ಡ್ ಹೊತ್ತು ನಡೆದರು.

ಹೊಸದಾಗಿ ಬಿದ್ದ ಮೊಣಕಾಲುದ್ದ ಹಿಮದಲ್ಲಿ ಅಗಲ ಮೂತಿ ತಾನಾಗಿ ಮೇಲೆದ್ದು ತೇಲಿತು. ಹಿಂಗಾಲಿಗೆ ಭಾರವೇ ಇಲ್ಲ! ನೂರು ಜನ ತುಳಿದು ಗುಪ್ಪೆಗುಪ್ಪೆಯಾದ ಹಿಮದಲ್ಲಿ ಹಳೆಯ ಬೋರ್ಡ್ ಪುಟಿಯುತ್ತಿತ್ತು. ಇದು ಸೀಳಿಕೊಂಡು ಸೀದಾ ಹೋಯಿತು.

"ತಡೀಬೇಡಿ!" ಎಂದು ಗಾಸ್ಪರ್ ಹಿಂದಿನಿಂದ ಕೂಗುತ್ತಿದ್ದ. "ಮುಂಗಾಲಿನ ಮೇಲೆ ಭಾರ! ಬಿಡಿ, ಬಿಡಿ!"

ಅವಳು ಬಿಟ್ಟಳು. ಬಿಟ್ಟಷ್ಟೂ ಕಾಲ ಕೆಳಗೆ ಶಾಂತವಾಯಿತು.

ಸ್ಪರ್ಧೆಯ ದಿನ, ಭಾನುವಾರ ಬೆಳಿಗ್ಗೆ, ಅಂಪಾರೊ ಹೊಗೆಗೂಡಿನ ಬಾಯಲ್ಲಿ ನಿಂತಾಗ ಆಕಾಶ ತೊಳೆದಿಟ್ಟಂತಿತ್ತು. ಕೆಳಗೆ ಜನ ಇರುವೆಗಳಂತೆ.

'ಹೆದರಿಕೆ ಇದೆ. ಇರಲಿ.'

ಜಿಗಿದಳು.

ಮೊದಲ ತಿರುವು... ಎರಡನೆಯದು... ಕೊರಕಲು ಕಿರಿದಾಯಿತು. ನಡುವೆ ಆ ಜಾಗ ಬಂತು. ಗಾಳಿ ಉಜ್ಜಿ ಹೊಳಪೇರಿಸಿದ ಹಿಮ! ಮೈಯೆಲ್ಲ ತಡೆ, ತಡೆ ಎಂದು ಚೀರಿತು. ಅಂಪಾರೊ ಹಲ್ಲು ಕಚ್ಚಿ ಮುಂಗಾಲಿಗೆ ಭಾರ ಹಾಕಿದಳು.

ಉಕ್ಕಿನ ಅಂಚು ಗರಗಸದಂತೆ ಕರ್‌ರೆಂದಿತು. ಹಿಡಿಯಿತು! ಮೂತಿಯಿಂದ ಬಾಲದವರೆಗೆ ಒಂದೇ ಗೆರೆಯಾಗಿ, ಒಂದಿಷ್ಟೂ ಒದರದೆ ಬೋರ್ಡ್ ಅವಳನ್ನು ಆಚೆ ದಾಟಿಸಿತು. ಮುಂದೆ ಅಗಲವಾಗಿ ತೆರೆದುಕೊಂಡ ಬಿಳಿ ಬಯಲು. ಅವಳು ಅಲ್ಲಿ ತಡೆಯದೆ ಹಾರಿ ಇಳಿದಳು. ಬಾಯಿಂದ ಹೊರಟಿದ್ದು ಕೂಗೋ, ನಗುವೋ, ಅಳುವೋ ಅವಳಿಗೇ ತಿಳಿಯಲಿಲ್ಲ.

ಮೂರನೆಯ ಸ್ಥಾನ ಎಂದು ಯಾರೋ ಕೂಗಿದರು. ಅವಳಿಗೆ ಅದು ಕೇಳಿಸಲಿಲ್ಲ. ಕಣ್ಣು ಗುಂಪಿನಲ್ಲಿ ಒಬ್ಬನನ್ನು ಹುಡುಕುತ್ತಿತ್ತು.

ಗಾಸ್ಪರ್ ಒಂದು ಪಕ್ಕದಲ್ಲಿ, ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನಿಂತಿದ್ದ. ಕಣ್ಣು ಒದ್ದೆ.

"ಬೋರ್ಡ್ ಹೇಗಿತ್ತು?" ಎಂದ.

"ಬೋರ್ಡ್ ವಿಷಯ ಆಮೇಲೆ!" ಅಂಪಾರೊ ಪಟ್ಟಿ ಬಿಚ್ಚಿ ಓಡಿ ಬಂದಳು. "ಗಾಸ್ಪರ್, ನೀವು ಬಾಯಿ ಬಿಡೋವರೆಗೆ ಕಾದ್ರೆ ಹಿಮ ಕರಗಿಹೋಗುತ್ತೆ. ನಾನೇ ಹೇಳ್ತೀನಿ. ನನಗೆ ನೀವು ಇಷ್ಟ. ತುಂಬಾ."

ಅವನು ಕೆಂಪೇರಿದ. ಉಸಿರೆಳೆದುಕೊಂಡ.

"ನಾನು ಬರೀ ಮೂತಿಯ ಆಕಾರ ತೆಗೆಯೋಕೆ ನಾಲ್ಕು ದಿನ ತಗೊಂಡೆ," ಎಂದ. "ಸಾಮಾನ್ಯವಾಗಿ ಒಂದು ದಿನದ ಕೆಲಸ. ಬೇಗ ಮುಗಿದ್ರೆ ನಿಮ್ಮ ಬಗ್ಗೆ ಯೋಚಿಸೋಕೆ ನೆಪ ಇರಲ್ವಲ್ಲ ಅಂತ..."

ಅಂಪಾರೊ ಅವನ ಅಂಗಿಯಲ್ಲಿ ಮುಖ ಹುದುಗಿಸಿದಳು. ಅವನ ಕೈಗಳು ಮೆಲ್ಲನೆ, ಅಳುಕುತ್ತಾ ಅವಳನ್ನು ಬಳಸಿದವು. ದೂರದಲ್ಲಿ ನೆಲ್ದಾ ಚಿಕ್ಕಮ್ಮ ಸೌಟಿನಿಂದ ಪಾತ್ರೆ ಬಡಿಯತೊಡಗಿದಳು.

"ಹಿಮ ಕರಗಿದ ಮೇಲೆ ದ್ವೀಪಕ್ಕೆ ಹೋಗ್ಬೇಕು," ಎಂದ ಅವನು, ಅವಳ ಕೂದಲಿನೊಳಗೆ. "ಅರ್ಧ ಮುಗಿದ ದೋಣಿ ಇದೆ. ಅಮ್ಮ ಇದ್ದಾಳೆ. ಬಹಳ ಮಳೆ. ನೋಡೋಕೆ... ಬರ್ತೀರಾ?"

"ಹೀಗೆ ತಬ್ಬಿಕೊಂಡು 'ಬರ್ತೀರಾ' ಅಂತಾರಾ ಯಾರಾದ್ರೂ?"

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ನಕ್ಕ. ಅವನು ಬಾಯ್ತುಂಬ ನಕ್ಕಿದ್ದನ್ನು ಅವಳು ಮೊದಲ ಸಲ ನೋಡಿದಳು.

"ಬರ್ತೀಯಾ, ಅಂಪಾರೊ?"

"ಬರ್ತೀನಿ ಕಣೋ."