ಕೂತ್ಕೋಬಹುದು

“ಕೂತ್ಕೋಬಹುದು,” ಎಂದ ಅಪ್ಪ.

ಅಷ್ಟೇ! ಹನ್ನೆರಡು ದಿನ ಸ್ಕೂಲಿಂದ ಬಂದವಳೇ ಸ್ಯಾಂಡ್ ಪೇಪರ್ ಹಿಡಿದು ಉಜ್ಜಿ, ಒಂದೂ ಮೊಳೆ ಹೊಡೆಯದೆ ನಾಲ್ಕು ಕಾಲು ಕೂರಿಸಿದ ಸ್ಟೂಲು. ಅಪ್ಪ ಅದನ್ನು ಮಗುಚಿ ನೋಡಿದ, ಬೆರಳಲ್ಲಿ ತಟ್ಟಿದ, ಕೂತ, ಎದ್ದ. ಆ ಒಂದು ಮಾತು ಉದುರಿಸಿ ಗರಗಸದ ಕಡೆ ಹೋದ.

ಚಿನಕುರುಳಿಯ ಮುಖ ಸಪ್ಪಗಾಯಿತು. ಆ ಹೆಸರಿಟ್ಟಿದ್ದು ಅಜ್ಜಿ. ಬಸ್ಸಲ್ಲಿ ಸೀಟು ಸಿಕ್ಕಿದರೆ “ಸೂಪರ್!”, ಇರುವೆ ಕಚ್ಚಿದರೆ “ಸತ್ತೇ ಹೋದೆ!” ಎನ್ನುವ ಹುಡುಗಿ ಅವಳು. ಅಂಥವಳಿಗೆ ‘ಕೂತ್ಕೋಬಹುದು’ ಯಾವ ಮೂಲೆಗೆ ಸಾಕು?

ನಾಳೆ ಸ್ಕೂಲಲ್ಲಿ ಎಕ್ಸಿಬಿಷನ್. ಅಪ್ಪನಿಗೇ ಇಷ್ಟವಾಗದ್ದನ್ನು ಎಲ್ಲರ ಮುಂದೆ ಇಡುವುದು ಹೇಗೆ? ಕಣ್ಣು ತುಂಬಿ ಬಂತು. ಸ್ಟೂಲನ್ನು ಹೊತ್ತುಕೊಂಡು ಹೋಗಿ ವರ್ಕ್‌ಶಾಪಿನ ಹಿಂದಿದ್ದ ಚೂರುಮರದ ರಾಶಿಗೆ ಹಾಕಿಬಿಟ್ಟಳು. ಆ ಚೂರುಗಳನ್ನು ಬೇಕರಿಯವನು ಒಲೆಗೆಂದು ಒಯ್ಯುತ್ತಾನೆ.

ಒಳಗೆ ಬಂದರೆ, ಉಳಿಮಾಮ ತಾನು ಮಾಡಿದ ಕುರ್ಚಿಯನ್ನು ಅಪ್ಪನ ಮುಂದೆ ಇಟ್ಟು ನಿಂತಿದ್ದ. ಅಪ್ಪನ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವನು ಅವನು. ಅಪ್ಪ ಕುರ್ಚಿ ಮಗುಚಿದ, ತಟ್ಟಿದ, ಕೂತ, ಎದ್ದ.

“ಕೂತ್ಕೋಬಹುದು.”

ಉಳಿಮಾಮನ ಮುಖ ಊರಗಲ ಆಯಿತು. ಸಿಳ್ಳೆ ಹಾಕುತ್ತಾ ಹೊರಗೆ ಬಂದ. ಚಿನಕುರುಳಿ ಅವನ ಹಿಂದೆಯೇ ಬಂದಳು.

“ಮಾಮ, ಅಪ್ಪ ಹಾಗಂದ್ರೂ ಖುಷಿನಾ?”

“ಮತ್ತೆ? ಇಪ್ಪತ್ತು ವರ್ಷದಲ್ಲಿ ನಂಗೆ ಆ ಮಾತು ಸಿಕ್ಕಿರೋದು ನಾಕೇ ಸಲ ಕಣಮ್ಮ!”

“ಚೆನ್ನಾಗಿಲ್ದೇ ಇದ್ರೆ?”

“‘ಚೆನ್ನಾಗಿದೆ, ಚೆನ್ನಾಗಿದೆ’ ಅಂತಾರೆ. ಸಂಜೆ ತಾವೇ ಬಿಚ್ಚಿ ಮತ್ತೆ ಜೋಡಿಸ್ತಾರೆ.”

ಅಯ್ಯೋ! ಹೋದ ವರ್ಷ ಅವಳು ಮಾಡಿದ ಪೆನ್ ಸ್ಟ್ಯಾಂಡಿಗೆ ಅಪ್ಪ ‘ಚೆನ್ನಾಗಿದೆ, ಚೆನ್ನಾಗಿದೆ’ ಅಂದಿದ್ದ. ಮೂರೇ ದಿನಕ್ಕೆ ಅದರ ತಳ ಕಳಚಿ ಬಿದ್ದಿತ್ತು. ಹಾಗಾದರೆ ಸ್ಟೂಲು...

ಹಿತ್ತಲಿಗೆ ಓಡಿದಳು. ರಾಶಿಯೇ ಇಲ್ಲ!

ಎದ್ದೆನೋ ಬಿದ್ದೆನೋ ಎಂದು ರಸ್ತೆಗೆ ಬಂದಳು. ಬೇಕರಿಯ ಗಾಡಿ ತಿರುವಿನಲ್ಲಿತ್ತು.

“ಅಂಕಲ್, ನಿಲ್ಸಿ! ನನ್ ಸ್ಟೂಲು! ಸುಡ್ಬೇಡಿ!”

“ಇದನ್ನ ಯಾರಮ್ಮ ಸುಡ್ತಾರೆ?” ಬೇಕರಿಯವನು ಸ್ಟೂಲನ್ನು ಸೀಟಿನ ಪಕ್ಕದಿಂದ ಎತ್ತಿದ. “ಅಂಗಡೀಲಿ ನಾನೇ ಹಾಕ್ಕೊಳೋಣ ಅಂತಿದ್ದೆ. ಯಾರು ಮಾಡಿದ್ದು?”

“ನಾನೇ!” ಸ್ಟೂಲನ್ನು ಎದೆಗೆ ಅವಚಿಕೊಂಡಳು. ಹೋದ ಜೀವ ಬಂದಂತಾಯಿತು.

ಮರಳಿ ಬಂದಾಗ ಅಪ್ಪ ಬಾಗಿಲಲ್ಲೇ ಇದ್ದ. ಮೈಯೆಲ್ಲ ಮರದ ಪುಡಿ.

“ನಾಳೆ ಎಕ್ಸಿಬಿಷನ್ ಅಲ್ವಾ? ನಾನೂ ಬರ್ಲಾ?”

ಅಪ್ಪ ಕೆಲಸ ಬಿಟ್ಟು ಸ್ಕೂಲಿಗೆ ಎಂದೂ ಬಂದವನಲ್ಲ. ಚಿನಕುರುಳಿಯ ನಾಲಿಗೆ ತುದಿಗೆ ‘ಸೂಪರ್’ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡಳು. ಸ್ಟೂಲನ್ನು ನೆಲಕ್ಕಿಟ್ಟು, ಅದರ ಮೇಲೆ ನೆಟ್ಟಗೆ ಕೂತಳು.

“ಬರ್ಬಹುದು,” ಎಂದಳು.

ಅಪ್ಪನ ಮೀಸೆ ಒಂಚೂರು ಅಲುಗಿತು.