ಪಟ್ಟಿ ಓದುವ ಶನಿವಾರದ ತನಕ

ಗುರುವಾರ ಬೆಳಿಗ್ಗೆ ಚರ್ಚಿನ ಜಗಲಿಯಲ್ಲಿ ಊರವರ ತೂಕ ನೋಡುವುದು ಪಾದ್ರಿಯ ಮಗಳು ಲೊಸಾಲಿನೆಯ ಕೆಲಸ. ವವಾಉ ದ್ವೀಪದ ಆ ಹಳ್ಳಿಯಲ್ಲಿ ಸಕ್ಕರೆ ಕಾಯಿಲೆ ಕಾಲಿಡದ ಮನೆ ಇರಲಿಲ್ಲ. ಗೆಣಸು ಬೆಳೆಯುವ ಪೌಲಿಯಾಸಿಯ ತಾಯಿ ಅದಕ್ಕೇ ಒಂದು ಕಾಲು ಕಳೆದುಕೊಂಡಿದ್ದಳು. ಈಗ ಮಗನಿಗೂ ಮಾತ್ರೆ ಶುರುವಾಗಿತ್ತು.

ಅವನು ತೂಕದ ಯಂತ್ರ ಹತ್ತಿದಾಗ ಮುಳ್ಳು ನೋಡಿ ಲೊಸಾಲಿನೆ ಪುಸ್ತಕ ಮುಚ್ಚಿದಳು.

“ಎರಡು ವಾರಕ್ಕೆ ಆರು ಕಿಲೋ ಇಳಿದಿದೀಯ! ಏನು ತಿಂತಿದೀಯಾ?”

“ನೀವು ಹೇಳಿದ್ದೇ.”

“ನಾನು ಹೇಳಿದ್ದು ಮೂರು ಹೊತ್ತು, ಸ್ವಲ್ಪ ಸ್ವಲ್ಪ.”

ಚರ್ಚಿಗೆ ಬರುವಾಗ ಮರ್ಯಾದೆಗೆಂದು ಎಲ್ಲರಂತೆ ಸೊಂಟಕ್ಕೆ ಸುತ್ತಿದ್ದ ಚಾಪೆಯ ಹಗ್ಗವನ್ನು ಅವನು ಬಿಗಿದುಕೊಂಡ. ಸಾಲಿನಲ್ಲಿ ನಿಂತಿದ್ದ ಮುದುಕಿಯೊಬ್ಬಳು ಬಾಯಿ ಹಾಕಿದಳು: “ಇವನನ್ನೇನು ಕೇಳ್ತೀಯಮ್ಮ? ಹಗಲೆಲ್ಲ ಬರೀ ನೀರು, ಸಂಜೆಗೊಂದು ತುಂಡು ಗೆಣಸು. ಯಾವಳ ಕಣ್ಣಿಗೆ ಚಂದ ಕಾಣಬೇಕಂತೋ!”

ಜಗಲಿಯೆಲ್ಲ ನಕ್ಕಿತು. ಪೌಲಿಯಾಸಿ ಲೊಸಾಲಿನೆಯನ್ನು ಒಮ್ಮೆ ನೋಡಿ, ಕೂಡಲೇ ಸಮುದ್ರದ ಕಡೆ ತಿರುಗಿದ. ಆ ಯಾವಳೋ ಒಬ್ಬಳ ಮೇಲೆ ಅವಳಿಗೆ ಸುಮ್ಮಸುಮ್ಮನೆ ಸಿಟ್ಟು ಬಂತು.

“ಖಾಲಿ ಹೊಟ್ಟೇಲಿ ಆ ಮಾತ್ರೆ ನುಂಗಿದ್ರೆ ಹೊಲದಲ್ಲೇ ಬೀಳ್ತೀಯ. ಹೀಗೆ ಇಳಿದ ತೂಕ ಮತ್ತೆ ಏರುತ್ತೆ. ಊಟ ಮಾಡು ಮಾರಾಯ.”

“ಶನಿವಾರದಿಂದ ಮಾಡ್ತೀನಿ.”

“ಶನಿವಾರ ಏನು ವಿಶೇಷ?”

ಅವನು ಯಂತ್ರದಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡ.

ಶನಿವಾರ ಚರ್ಚಿನ ವರ್ಷದ ಸಭೆ ಮುಗಿದು, ಯಾವ ಪಾದ್ರಿ ಯಾವ ಊರಿಗೆ ಎಂಬ ಪಟ್ಟಿಯನ್ನು ರೇಡಿಯೋದಲ್ಲಿ ಓದಿದರು. ಲೊಸಾಲಿನೆಯ ಅಪ್ಪನ ಹೆಸರು ನಾಲ್ಕನೆಯದು. ಉತ್ತರದ ತುದಿಯ ದ್ವೀಪ, ಹಡಗು ತಿಂಗಳಿಗೊಮ್ಮೆ. ಅಪ್ಪನ ಕಣ್ಣು ಮಂಜಾಗಿ ಮೂರು ವರ್ಷವಾಗಿತ್ತು, ಬೈಬಲ್ಲನ್ನೂ ಅವಳೇ ಓದಿ ಹೇಳಬೇಕು. ಅವರನ್ನು ಒಂಟಿಯಾಗಿ ಕಳಿಸುವ ಮಾತೇ ಇರಲಿಲ್ಲ.

ಆಗ ಅವಳಿಗೆ ಪೌಲಿಯಾಸಿಯ ಶನಿವಾರ ಅರ್ಥವಾಯಿತು. ಬೇಯಿಸಿದ ಕೆಸುವಿನ ಗೆಡ್ಡೆ, ತೆಂಗಿನ ಹಾಲಿನ ಮೀನು ತಟ್ಟೆಗೆ ಹಾಕಿಕೊಂಡು ಅವನ ಹೊಲಕ್ಕೆ ನಡೆದಳು. ಅವನು ಗೆಣಸಿನ ಏರಿಯ ಪಕ್ಕ ಕುಳಿತಿದ್ದ. ಗುದ್ದಲಿ ಮಣ್ಣು ಮುಟ್ಟಿರಲಿಲ್ಲ.

“ಕೇಳಿದ್ಯಾ?”

“ಕೇಳಿದೆ. ನಿಮ್ಮಪ್ಪನ ಹೆಸರು ಬರಬಾರದು ಅಂತ ಬೇಡ್ಕೊಂಡಿದ್ದೆ. ಅದಕ್ಕೇ ಊಟ ಬಿಟ್ಟಿದ್ದು.”

“ನಾನು ಎಲ್ಲರೆದುರು ಬೈದೆನಲ್ಲೋ.”

“ಬೈತಾ ಇರುವಾಗ ಹಸಿವು ಗೊತ್ತಾಗ್ತಿರಲಿಲ್ಲ.”

ಅವಳು ನಗಲು ನೋಡಿದಳು, ಆಗಲಿಲ್ಲ. “ಬಾ ಅಂತ ಕರೆಯೋ ಹಾಗಿಲ್ಲ. ನಿನ್ನಮ್ಮ ಇದಾರೆ.”

“ಇರಿ ಅನ್ನೋ ಹಾಗೂ ಇಲ್ಲ.”

ಗೆಡ್ಡೆಯ ಒಂದು ತುಂಡು ಮುರಿದು ಅವನ ಅಂಗೈಯಲ್ಲಿಟ್ಟಳು. ಅವನು ಬಹಳ ಹೊತ್ತು ಅಗಿದು ನುಂಗಿದ.

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ರೆ ಉಪವಾಸ ಬಿಡಿಸ್ತಿದ್ರಿ.”

“ಇಲ್ಲ,” ಎಂದಳು ಲೊಸಾಲಿನೆ, ಇನ್ನೊಂದು ತುಂಡು ಮುರಿಯುತ್ತ. “ನಿನ್ನ ಜೊತೆ ನಾನೂ ಊಟ ಬಿಡ್ತಿದ್ದೆ.”